ಕುಂಬ್ಡಾಜೆಯ ಗುಡ್ಡದಲ್ಲಿ ಬಿಟ್ಟು ಬಂದ ಮಾತು

ಮೊದಲು ಖರ್ಚಿನ ಮಾತು ಮುಗಿಸಿಬಿಡುತ್ತೇನೆ. ಈ ಪ್ರಯಾಣದಲ್ಲಿ ನನ್ನ ಒಂದು ಜೊತೆ ಮೆಟ್ಟು, ಒಂದು ಬಿಳಿ ಕೋಟು, ಒಂದು ಗಟ್ಟಿಮುಟ್ಟಾದ ಕೊಡೆ ಹೋದವು. ಮೆಟ್ಟನ್ನು ಅಲ್ಲಿಯ ಮುರಕಲ್ಲಿನ, ಅಂದರೆ ಒರಟು ಕೆಂಪುಕಲ್ಲಿನ, ದಾರಿ ತಿಂದಿತು. ಕೋಟನ್ನು ಇದ್ದಿಲಿನಿಂದ ಓಡುವ ಬಸ್ಸು ಕರಿ ಮಾಡಿತು. ಕೊಡೆಯನ್ನು ನಾನೇ ಒಬ್ಬ ಹೆಂಗಸಿಗೆ ಕೊಟ್ಟೆ, ಚೌಕಾಸಿ ಮಾಡದೆ ಕೊಟ್ಟೆ. ಇದನ್ನು ನಮ್ಮ ಪೇಟೆಯಲ್ಲಿ ಯಾರೂ ನಂಬಲಿಲ್ಲ. ಇವಲ್ಲದೆ, ಅಂಗಡಿ ಇಟ್ಟಂದಿನಿಂದ ನನ್ನ ನಾಲಿಗೆಯ ತುದಿಯಲ್ಲಿದ್ದ ಒಂದು ಮಾತನ್ನೂ ಅಲ್ಲಿಯ ಗುಡ್ಡವೊಂದರಲ್ಲಿ ಬಿಟ್ಟು ಬಂದೆ. ಇಷ್ಟೆಲ್ಲ ಕಳೆದುಕೊಂಡದ್ದು ತೆಂಗಿನ ನಾರಿನ ಹಗ್ಗಕ್ಕಾಗಿ. ದಲ್ಲಾಳಿಗಳ ಕೈ ತಪ್ಪಿಸಿ, ಹೊಸೆಯುವವರ ಊರಿನಿಂದಲೇ ನೇರವಾಗಿ ಕೊಳ್ಳಬೇಕೆಂದು ತಿಪಟೂರಿನಿಂದ ಹೊರಟವನು ನಾನು. ಹಗ್ಗ ಬರಲಿಲ್ಲ.

ಕಾಸರಗೋಡು ಸೀಮೆಯನ್ನು ಪರದೇಶವೆಂದರೆ ನೀವು ನಕ್ಕೀರಿ. ಮಹಾರಾಜರ ರಾಜ್ಯ ದಾಟಿ, ಘಟ್ಟ ಇಳಿದು, ಮದ್ರಾಸು ಸರ್ಕಾರದ ಮಣ್ಣಿನಲ್ಲಿ ನಿಂತು, ಕನ್ನಡದಲ್ಲಿಯೇ ಒಂದು ಗಾಡಿ ಕೇಳಿ ನೋಡಿ. ಆಮೇಲೆ ನಗಿ.

ಉಪ್ಪಳದಲ್ಲಿ ಇಳಿದದ್ದು

ರೈಲಿನಿಂದ ಇಳಿದವನೇ ಎದುರಿಗೆ ಸಿಕ್ಕವರನ್ನು ಕೇಳಿದೆ: "ಬಂದ್ಯೋಡಿಗೆ ಗಾಡಿ ಇದೆಯೇನ್ರೀ?"

"ಉಂಟು."

"ಎಲ್ಲಿದೆ?"

"ಈಗ ಇಲ್ಲ. ಮಧ್ಯಾಹ್ನ ಮೇಲೆ ಉಂಟು."

"ಹಾಗಾದರೆ ಈಗ ಇಲ್ಲ ಅನ್ನಿ."

"ಉಂಟು ಅಂತ ಹೇಳಿದೆನಲ್ಲ ಮಾರಾಯ್ರೆ. ನಿಮಗೆ ಎಂತ ಅಷ್ಟು ಅವಸರ?"

ನಮ್ಮ 'ಇದೆ' ಕಣ್ಣಿಗೆ ಕಾಣುವ ವಸ್ತು. ಅವರ 'ಉಂಟು' ಮಧ್ಯಾಹ್ನದ ಮೇಲೂ ಇರುತ್ತದೆ, ಮುಂದಿನ ವಾರವೂ ಇರುತ್ತದೆ. ನಾನು ಕಾಯದೆ ಪೆಟ್ಟಿಗೆ ಹೊತ್ತುಕೊಂಡು ನಡೆದೆ. ಹಗ್ಗದ ಸಾಹುಕಾರರ ಮನೆ ಹುಡುಕಿ ತಲುಪಿದಾಗ, ಅವರು ಮದುವೆಗೆಂದು ಕಣ್ಣೂರಿನ ಕಡೆಗೆ ಹೋಗಿದ್ದರು. ಯಾವಾಗ ಬರುತ್ತಾರೆ ಎಂದರೆ, "ಬರ್ಲಿಕ್ಕೆ ಉಂಟು" ಎಂದರು ಮನೆಯವರು. ನನ್ನನ್ನು ಶೆಟ್ಟರು ಎಂದು ತಿಳಿದ ಮೇಲೆ ಯಾವ ಗುತ್ತಿನ ಮನೆಯವರು, ಗದ್ದೆ ಎಷ್ಟು ಎಂದು ವಿಚಾರಿಸಿದರು; ಅಲ್ಲಿಯ ಶೆಟ್ಟರು ಭೂಮಿಯುಳ್ಳ ದೊಡ್ಡ ಮನೆತನದವರು. ನಮ್ಮ ಕಡೆಯ ಶೆಟ್ಟರಿಗೆ ಗದ್ದೆಯಿಲ್ಲ, ತಕ್ಕಡಿ ಮಾತ್ರ ಎಂದಾಗ ಅವರ ಮುಖದಲ್ಲಿ ಸಣ್ಣ ಕನಿಕರ ಕಂಡಿತು.

ಬಂದ್ಯೋಡು, ಹೊಲಿಗೆ ಯಂತ್ರದ ಮೇಲೆ

ಉಳಿದುಕೊಳ್ಳಲು ಸಿಕ್ಕಿದ್ದು ಟೈಲರ್ ಐತಪ್ಪ ಎಂಬವರ ಅಂಗಡಿಯ ಅಟ್ಟ. ಹಗಲೆಲ್ಲ ಕೆಳಗೆ ಯಂತ್ರದ ಸದ್ದು, ತುಳುವಿನಲ್ಲಿ ಹರಟೆ, ನಡುನಡುವೆ ಮಲಯಾಳ, ಬ್ಯಾರಿ ಮಾತು. ಎಲ್ಲರೂ ನಗುತ್ತಿದ್ದರು. ಏಕೆಂದು ನನಗೆ ತಿಳಿಯುತ್ತಿರಲಿಲ್ಲ. ನಾನು ಕೆಳಗಿಳಿದರೆ ನನ್ನ ಮರ್ಯಾದೆಗೆಂದು ಎಲ್ಲರೂ ಕನ್ನಡಕ್ಕೆ ಬರುತ್ತಿದ್ದರು, ಆಗ ನಗು ನಿಲ್ಲುತ್ತಿತ್ತು. ಅದಕ್ಕಿಂತ ಮೇಲೆಯೇ ಇರುವುದು ವಾಸಿಯೆನಿಸಿತು. ಸಂಜೆ ಅಂಗಡಿ ಮುಚ್ಚಿದ ಮೇಲೆ ಕಡಲಿನ ಸದ್ದು ಮಾತ್ರ. ನಮ್ಮ ಪೇಟೆಯಲ್ಲಿ ಆ ಹೊತ್ತಿಗೆ ಲೆಕ್ಕ ಬರೆಯುತ್ತಾ ಕುಳಿತಿರುತ್ತೇನೆ. ಒಬ್ಬನೇ ಇದ್ದೇನೆಂದು ಗೊತ್ತಾಗುವುದಿಲ್ಲ. ಇಲ್ಲಿ ಬರೆಯಲು ಲೆಕ್ಕವೇ ಇರಲಿಲ್ಲ.

ಒಂದು ದಿನ ಐತಪ್ಪ ಖಾಕಿ ಡ್ರಿಲ್ ಬಟ್ಟೆಯ ರಟ್ಟಿಗೆ ಏನೇನೋ ಹಾಳೆಗಳನ್ನು ಸೇರಿಸಿ ಯಂತ್ರಕ್ಕೆ ಕೊಟ್ಟು ಹೊಲಿಯುತ್ತಿದ್ದರು. ಷರಟಿನ ಕಾಲರಿಗೆ ಹಾಕುವ ಹೊಲಿಗೆಯೇ.

"ಇದೆಂತ ಗೊತ್ತುಂಟಾ ಶೆಟ್ರೆ? ನಮ್ಮ ಪತ್ರಿಕೆ. 'ನೆರೆಕರೆ'."

ನೆರೆ ಎಂದರೆ ನಮ್ಮಲ್ಲಿ ಪ್ರವಾಹ. ಹೊಳೆ ಉಕ್ಕಿದ ಸಮಾಚಾರ ಬರೆಯುವ ಪತ್ರಿಕೆಯೇ ಎಂದು ಕೇಳಿದೆ. ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಈ ಸಲ ನನಗೂ ಕಾರಣ ತಿಳಿಯಿತು; ಅಕ್ಕಪಕ್ಕದ ಮನೆಗಳಿಗೆ ಅವರು ನೆರೆಕರೆ ಎನ್ನುತ್ತಾರೆ.

ಯುದ್ಧ ಮುಗಿದಿತ್ತು, ಕಾಗದದ ಬರ ಮುಗಿದಿರಲಿಲ್ಲ. ಹಳೆಯ ಕ್ಯಾಲೆಂಡರಿನ ಬೆನ್ನು, ರೇಷನ್ನಿನ ನೋಟೀಸಿನ ಬೆನ್ನು, ಹೀಗೆ ಬೆನ್ನುಗಳನ್ನೇ ಕೂಡಿಸಿ ಮಾಡಿದ ಪತ್ರಿಕೆ ಅದು. ಕೈಬರಹದ್ದು, ಒಂದೇ ಪ್ರತಿ. ಬಂದ್ಯೋಡಿನಿಂದ ಕುಂಬ್ಡಾಜೆಯ ಗುಡ್ಡದವರೆಗೆ ಮನೆಯಿಂದ ಮನೆಗೆ ಹೋಗುತ್ತದೆ. ಪ್ರತಿ ಮನೆಗೂ ಒಂದು ಖಾಲಿ ಪುಟ. ತಮ್ಮ ಭಾಷೆಯಲ್ಲಿ ತಮಗೆ ಬೇಕಾದ್ದನ್ನು ಬರೆದು ಮುಂದಿನ ಮನೆಗೆ ಕಳಿಸಬೇಕು. ಕಳೆದುಹೋದ ಕರುವಿನ ಗುರುತು ತುಳುವಿನಲ್ಲಿ. ಹಲಸಿನ ಹಪ್ಪಳಕ್ಕೆ ಹುಳ ಬೀಳದ ಉಪಾಯ ಕನ್ನಡದಲ್ಲಿ. ದೋಣಿ ಮಗುಚಿ ಈಜಿ ಬಂದ ಕಥೆ ಮಲಯಾಳದಲ್ಲಿ. ಬರೆಯಲು ಬಾರದವರು ಚಿತ್ರ ಬರೆದಿದ್ದರು. ಒಬ್ಬರು ತಮ್ಮ ತೋಟಕ್ಕೆ ಬಂದ ಚಿರತೆಯ ಹೆಜ್ಜೆಗೆ ಮಸಿ ತುಂಬಿ, ಸುತ್ತ ಕೋಳಿಯ ಗರಿ ಅಂಟಿಸಿದ್ದರು.

"ಇಷ್ಟು ಭಾಷೆ ಒಬ್ಬರೇ ಓದುವುದು ಹೇಗೆ?" ಎಂದೆ.

"ಓದಬಾರದು ಅಂತಲೇ," ಎಂದರು ಐತಪ್ಪ, ಬಾಯಲ್ಲಿ ಸೂಜಿ ಕಚ್ಚಿಕೊಂಡು. "ಓದ್ಲಿಕ್ಕೆ ಬಾರದ ಪುಟ ಬಂದ್ರೆ, ಬರುವವರ ಮನೆಗೆ ಹೋಗಬೇಕು. ಅಲ್ಲದಿದ್ರೆ ಅವರನ್ನು ಕರೆಸಬೇಕು. ಇಲ್ಲಿ ಪಕ್ಕದ ಮನೆಯ ಬಾಗಿಲು ಯಾವ ದಿಕ್ಕಿಗೆ ಅಂತ ಗೊತ್ತಿಲ್ಲದವರೆಲ್ಲ ಈಗ ಅವರ ಜಗಲಿಯಲ್ಲಿ ಕೂತು ಕಥೆ ಕೇಳ್ತಾರೆ."

"ಮತ್ತೆ ಜಗಳ?"

"ಅದೂ ಉಂಟು. ಆದರೆ ಪುಟ ಒಂದೇ ಅಲ್ವಾ, ಬೈಯ್ಲಿಕ್ಕೆ ಜಾಗ ಸಾಲುವುದಿಲ್ಲ."

ಪುಟ ಖಾಲಿ ಬಂದರೆ ಏನು ಎಂದು ಕೇಳಿದೆ. ಅವರು ಯಂತ್ರ ನಿಲ್ಲಿಸಿದರು. ಖಾಲಿ ಬಿಟ್ಟವರು ನೆರೆಕರೆಯ ಮಾತು ಬೇಡವೆಂದಂತೆ. ಮುಂದಿನ ಸುತ್ತಿನಲ್ಲಿ ಪತ್ರಿಕೆ ಆ ಮನೆಗೆ ಹೋಗುವುದಿಲ್ಲ.

ನಾನು ಸುಮ್ಮನಿರುವ ಆಸಾಮಿಯಲ್ಲ. ಪ್ರತಿ ಮನೆಗೂ ಗಡುವು ಹಾಕಿ, ತಡ ಮಾಡಿದವರಿಗೆ ದಂಡ ಹಾಕಿ ಎಂದು ಸಲಹೆ ಕೊಟ್ಟೆ. "ಅವಸರದ ಶೆಟ್ರು" ಎಂದು ಅಂದಿನಿಂದ ನನಗೆ ಹೆಸರಾಯಿತು. ನನಗೂ ಒಂದು ಪುಟ ಕೊಟ್ಟರು. ಹಗ್ಗ ಕೊಳ್ಳುವಾಗ ಮೋಸ ಹೋಗದಿರುವುದು ಹೇಗೆಂದು ಅಂಚಿನವರೆಗೆ ಬರೆದೆ.

ಕುಂಬ್ಡಾಜೆ, ಮೊದಲ ಸಲ

ಪತ್ರಿಕೆಯನ್ನು ಗುಡ್ಡದ ಮನೆಗಳಿಗೆ ಒಯ್ಯುವವರು ಮಮ್ಮುಂಞಿ ಬ್ಯಾರಿ; ಆ ಕಡೆಯ ಮುಸಲ್ಮಾನರಿಗೆ ಬ್ಯಾರಿ ಎನ್ನುತ್ತಾರೆ, ಮರ್ಯಾದೆಗೆ ಬ್ಯಾರಿಗಳು. ಉಪ್ಪು, ಬೆಂಕಿಪೆಟ್ಟಿಗೆ ಹೊತ್ತು ಹತ್ತಿ, ಕಾಳುಮೆಣಸು ಹೊತ್ತು ಇಳಿಯುವ ವ್ಯಾಪಾರಿ. ಕೆಲಸವಿಲ್ಲದೆ ಕುಳಿತಿದ್ದ ನಾನು ಜೊತೆಗೆ ಹೊರಟೆ. ಬಸ್ಸಿನಲ್ಲಿ ಹಿಂದಿನ ಇದ್ದಿಲ ಒಲೆಯ ಪಕ್ಕದ ಜಾಗ ಅಗ್ಗಕ್ಕೆ ಸಿಕ್ಕಿತೆಂದು ಹಿಗ್ಗಿದೆ; ಇಳಿದಾಗ ಕೋಟಿನ ಬಣ್ಣ ನೋಡಿ ಬ್ಯಾರಿಗಳು, "ಒಳ್ಳೆ ವ್ಯಾಪಾರ" ಎಂದಷ್ಟೇ ಹೇಳಿದರು.

ಕುಂಬ್ಡಾಜೆಯಲ್ಲಿ ಮೊದಲು ಒಬ್ಬ ಭಟ್ಟರ ಮನೆ. ಆ ಮನೆಯ ಯಜಮಾನಿಕೆ ಭಟ್ಟರದಲ್ಲ, ಅವರ ತಾಯಿಯದು. ಮಡಿ ಸೀರೆಯ ಮುದುಕಿ. ಬ್ಯಾರಿಗಳ ಕೈಯಿಂದ ಬಂದ ಪತ್ರಿಕೆಗೆ ಮೈಲಿಗೆಯಿಲ್ಲವೇ ಎಂದು ಮೊದಲ ಸುತ್ತಿನಲ್ಲಿಯೇ ಪ್ರಶ್ನೆ ಎದ್ದಿತ್ತಂತೆ. ಕಾಗದಕ್ಕೆ ಮೈಲಿಗೆಯಿಲ್ಲ, ಬಟ್ಟೆಯ ರಟ್ಟಿಗೆ ಉಂಟು ಎಂದು ಆಕೆ ತೀರ್ಪು ಕೊಟ್ಟಿದ್ದರು. ಆದ್ದರಿಂದ ಸೊಸೆ ರಟ್ಟನ್ನು ಬಾಳೆಲೆಯಲ್ಲಿ ಸುತ್ತಿ ಹಿಡಿದು ಓದುತ್ತಿದ್ದಳು. ಮಲಯಾಳದ ಪುಟಗಳಿಗೆ ಗದ್ದೆಯಾಚೆಯ ಕುಂಞಿರಾಮನನ್ನು ಕೂಗಿ ಕರೆದರು. ಅವನು ಅಂಗಳದ ಮೆಟ್ಟಿಲ ಮೇಲೆ ಕುಳಿತು ದೋಣಿಯ ಕಥೆ ಓದಿದ. ಮುದುಕಿ ಒಳಗಿನಿಂದ, "ಅವ ಬದುಕಿದನಾ? ಅದನ್ನು ಮೊದಲು ಹೇಳು" ಎಂದು ಎರಡು ಸಲ ತಡೆದರು.

ಪತ್ರಿಕೆ ನಮ್ಮ ಕೈಗೆ ಬಂದಾಗ ನನ್ನ ಹಗ್ಗದ ಪುಟದ ಅಂಚಿನಲ್ಲಿ ಸೊಸೆಯ ದುಂಡು ಅಕ್ಷರದಲ್ಲಿ ಒಂದು ಸಾಲಿತ್ತು: "ಶೆಟ್ರ ಮನೆಯಲ್ಲಿ ಯಾರೆಲ್ಲ ಉಂಟು?" ಹಗ್ಗದ ಬಗ್ಗೆ ಯಾರೂ ಏನೂ ಕೇಳಿರಲಿಲ್ಲ. ನಾನು ಪುಟ ಮಗುಚಿದೆ.

ಕೊನೆಯ ಮನೆ ಗುಡ್ಡದ ತಲೆಯಲ್ಲಿ. ತಿರುವಾಂಕೂರಿನಿಂದ ಹೊಸದಾಗಿ ಬಂದು ಕಾಡು ಕಡಿದು ಮರಗೆಣಸು ಹಾಕಿದ್ದ ವರ್ಕಿ ಎಂಬವರು ಮತ್ತು ಅವರ ಹೆಂಡತಿ ಅನ್ನಮ್ಮ. ಪತ್ರಿಕೆ ಆ ಮನೆಗೆ ಹೋಗುತ್ತಿದ್ದದ್ದು ಅದೇ ಮೊದಲು. ಬ್ಯಾರಿಗಳ ಬುಟ್ಟಿಯ ಅಡಿ ಕಿತ್ತು ಉಪ್ಪು ಸೋರತೊಡಗಿದ್ದರಿಂದ ಅವರು ಕೆಳಗೆ ಉಳಿದರು, ನಾನೊಬ್ಬನೇ ಹತ್ತಿದೆ. ಅಲ್ಲಿಂದ ಬೇರೊಂದು ಮನೆಯ ಹೊಗೆಯೂ ಕಾಣಿಸುವುದಿಲ್ಲ. ವರ್ಕಿ ನನ್ನ ಕೈಯಲ್ಲಿದ್ದ ಪತ್ರಿಕೆ ನೋಡಿ ಮೊದಲೇ ಕಾದಿದ್ದವರಂತೆ ಎದ್ದು ಬಂದರು. ಬೆಲ್ಲದ ಕರಿ ಕಾಫಿ ಕೊಟ್ಟರು. ಬೆಂಚಿನ ಮೇಲೆ ಮಸಿ ಕುಡಿಕೆ, ಲೇಖನಿ ಸಿದ್ಧವಾಗಿದ್ದವು. ಬಾಗಿಲ ಮರೆಯಲ್ಲಿ ಹೆಂಡತಿ ನಿಂತಿದ್ದರು.

ವರ್ಕಿ ಖಾಲಿ ಪುಟಕ್ಕೆ ಬೆರಳಿಟ್ಟು, ತಮ್ಮ ಎದೆಗೆ ಬೆರಳಿಟ್ಟು, ಮಲಯಾಳದಲ್ಲಿ ಏನೋ ಕೇಳಿದರು. ಈಗಲೇ ಬರೆದು ಕೊಡಬೇಕೇ ಎನ್ನುತ್ತಿದ್ದಾರೆ ಎಂದುಕೊಂಡೆ. ಗಡುವಿನ ಸಲಹೆ ಕೊಟ್ಟು ನಗೆಪಾಟಲಾದವನು ನಾನು. ಈ ಸಲ ಧಾರಾಳವಾಗಿರೋಣವೆಂದು, ಕೈಯಾಡಿಸಿ, ನಿಧಾನವಾಗಿ, ಬಿಡಿಸಿ ಹೇಳಿದೆ:

"ನಿಮಗೆ ಅವಸರ ಇಲ್ಲ. ನಿಮಗೆ ಅವಸರವೇ ಇಲ್ಲ."

ಅವರ ಮುಖ ಬಾಡಿತು. "ಶರಿ" ಎಂದರು. ಪತ್ರಿಕೆಯನ್ನು ಮಡಿಸಿ, ಎರಡೂ ಕೈಯಿಂದ ನನಗೆ ಮರಳಿಸಿದರು. ಮಸಿ ಕುಡಿಕೆಗೆ ಬಿರಡೆ ಹಾಕಿದರು. ಬಾಗಿಲ ಮರೆಯಲ್ಲಿ ಯಾರೂ ಇರಲಿಲ್ಲ.

ಕೆಳಗೆ ಬ್ಯಾರಿಗಳು ಕೇಳಿದರು, "ಬರೆದ್ರಾ?"

"ಇಷ್ಟವಿಲ್ಲ ಅಂತ ಕಾಣುತ್ತೆ."

"ತೆಂಕಿನವರ ದೊಡ್ಡಸ್ತಿಕೆ," ಎಂದು ಅವರು ಬುಟ್ಟಿ ಎತ್ತಿಕೊಂಡರು.

ಮತ್ತೆ ಬಂದ್ಯೋಡು

ಅಂಗಡಿಯಲ್ಲಿ ಆ ಪುಟ ನೋಡಿ ಐತಪ್ಪನವರಿಗೆ ಬೇಸರವಾಯಿತು. "ಅವರೇ ಹೇಳಿ ಕಳಿಸಿದ್ದು ಮಾರಾಯ್ರೆ, ಒಂದು ಪುಟ ನಮಗೂ ಬೇಕು ಅಂತ. ಈಗ ಎಂತ ಆಯ್ತು?" ಪುಟ ಕತ್ತರಿಸಲೆಂದು ಕತ್ತರಿ ತೆಗೆದರು. ಮಮ್ಮುಂಞಿ ಬ್ಯಾರಿಗಳು ಗುಂಡಿ ಹೊಲಿಸಿಕೊಳ್ಳಲು ಅಲ್ಲಿಯೇ ಕುಳಿತಿದ್ದರು.

"ನಾನಂತೂ ಮರ್ಯಾದೆಯಾಗಿಯೇ ಮಾತಾಡಿದೆ," ಎಂದೆ.

"ಎಂತ ಹೇಳಿದ್ದು ನೀವು? ಹೇಳಿದ ಹಾಗೇ ಹೇಳಿ ನೋಡುವ."

"ನಿಮಗೆ ಅವಸರ ಇಲ್ಲ ಅಂದೆ."

ಕತ್ತರಿ ನಿಂತಿತು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ನಗುತ್ತಾರೆಂದು ಕಾದೆ. ನಗಲಿಲ್ಲ.

ಬ್ಯಾರಿಗಳೇ ಬಿಡಿಸಿ ಹೇಳಿದರು. "ಶೆಟ್ರೆ, ಮಲಯಾಳದಲ್ಲಿ ಅವಸರ ಅಂದ್ರೆ ಗಡಿಬಿಡಿ ಅಲ್ಲ. ಅವಕಾಶ. ನಿಮಗೆ ಅವಸರ ಇಲ್ಲ ಅಂದ್ರೆ, ಇದರಲ್ಲಿ ನಿಮಗೆ ಜಾಗ ಇಲ್ಲ ಅಂತ. ನೀವು ಗುಡ್ಡ ಹತ್ತಿ ಹೋಗಿ, ಅವರ ಕಾಫಿ ಕುಡಿದು, ಹಾಗೆ ಹೇಳಿ ಬಂದಿದ್ದೀರಿ."

"ಎರಡು ಸಲ ಹೇಳಿದೆ," ಎಂದೆ ನಾನು.

ಅದೇ ಹೊತ್ತಿಗೆ ಹಗ್ಗದ ಸಾಹುಕಾರರ ಆಳು ಬಂದು, ಯಜಮಾನರು ಮರಳಿದ್ದಾರೆ, ನಾಳೆ ಬೆಳಿಗ್ಗೆ ಬಂದರೆ ಮಾತು ಮುಗಿಸಬಹುದು ಎಂದು ತಿಳಿಸಿದ. ಕಲ್ಲಿಕೋಟೆಯ ಒಬ್ಬರೂ ಕೊಳ್ಳಲು ಬರುತ್ತಾರೆ ಎಂದೂ ಸೇರಿಸಿದ. ನಾನು ಆ ಹಗ್ಗಕ್ಕಾಗಿ ಎಷ್ಟು ದಿನದಿಂದ ಆ ಅಟ್ಟದಲ್ಲಿ ಕಡಲಿನ ಸದ್ದು ಕೇಳುತ್ತಾ ಬಿದ್ದಿದ್ದೆ. ಆದರೆ ಬಿರಡೆ ಹಾಕಿದ ಆ ಮಸಿ ಕುಡಿಕೆ ಕಣ್ಣ ಮುಂದಿನಿಂದ ಹೋಗಲಿಲ್ಲ. ಯಾರೂ ನನ್ನನ್ನು ಗುಡ್ಡಕ್ಕೆ ಹೋಗೆನ್ನಲಿಲ್ಲ. ಐತಪ್ಪ ಕತ್ತರಿಯನ್ನು ಖಾನೆಯೊಳಗಿಟ್ಟು, ಪತ್ರಿಕೆಯನ್ನು ಯಂತ್ರದ ಮೇಲೆ ಇಟ್ಟು, ಮನೆಗೆ ಹೋದರು.

ಕುಂಬ್ಡಾಜೆ, ಎರಡನೆಯ ಸಲ

ಬೆಳಿಗ್ಗೆ ಬ್ಯಾರಿಗಳಿಗೆ ಬೇರೆ ದಾರಿಯ ವ್ಯಾಪಾರವಿತ್ತು. ಬಸ್ಸಿನವರೆಗೆ ಬಂದು ಒಂದೇ ಮಾತು ಕಲಿಸಿದರು: "ಅವಸರಂ ಉಂಟ್. ಅಷ್ಟು ಸಾಕು. ನಿಮ್ಮ ಬಾಯಿಗೆ ಬಾರದಿದ್ರೆ ನಮ್ಮ ಹಾಗೆ ಉಂಟು ಅನ್ನಿ, ತಿಳೀತದೆ. ನಿಮ್ಮ 'ಇದೆ' ಮಾತ್ರ ಬೇಡ."

ಬಿಸಿಲೇರುತ್ತಿತ್ತು. ಮುರಕಲ್ಲಿನ ದಾರಿಯಲ್ಲಿ ಒಂದು ಮೆಟ್ಟಿನ ಉಂಗುಷ್ಠ ಹರಿಯಿತು. ಎರಡನ್ನೂ ಅಲ್ಲಿಯೇ ಬಿಟ್ಟೆ. ಅಷ್ಟು ದೂರ ಬರಿಗಾಲಿನಲ್ಲಿ ಒಂದೇ ವಾಕ್ಯ ಹೇಳಿಕೊಂಡು ನಡೆದೆ. ಕನ್ನಡದಲ್ಲಿ ಅದು ಗಡಿಬಿಡಿಯಿದೆ ಎಂದಾಗುತ್ತದೆ. ಜೀವಮಾನವೆಲ್ಲ ಹೇಳುತ್ತ ಬಂದ ಮಾತೇ.

ವರ್ಕಿ ನನ್ನನ್ನು ನೋಡಿ ಗುದ್ದಲಿ ಬಿಡಲಿಲ್ಲ. ಕಾಫಿಯೂ ಇಲ್ಲ. ನಾನು ಪತ್ರಿಕೆ ತೆರೆದು, ಖಾಲಿ ಪುಟಕ್ಕೆ ಬೆರಳಿಟ್ಟು, ಅವರ ಎದೆಯ ಕಡೆ ಬೆರಳು ಮಾಡಿ ಹೇಳಿದೆ:

"ನಿಮಗೆ ಅವಸರ ಉಂಟು."

ಗುದ್ದಲಿ ಮತ್ತೆ ಮಣ್ಣಿಗೆ ಬಿತ್ತು. ನಾನು ನನ್ನ ಎದೆ ಮುಟ್ಟಿಕೊಂಡು, "ನಾನು... ಕನ್ನಡ" ಎಂದು ನನ್ನ ಕೆನ್ನೆಗೆ ಒಂದು ಏಟು ಹಾಕಿಕೊಂಡೆ. ಆಗ ಒಳಗಿನಿಂದ ಹೆಂಗಸಿನ ನಗು ಕೇಳಿಸಿತು. ಅನ್ನಮ್ಮ ಬಾಗಿಲಿಗೆ ಬಂದರು. ಮೊದಲ ಸಲ ಮರೆಯಲ್ಲಿದ್ದುದರಿಂದ ನಾನು ನೋಡಿರಲಿಲ್ಲ; ತುಂಬು ಬಸುರಿ, ಬಾಗಿಲ ಚೌಕಟ್ಟು ಹಿಡಿದುಕೊಳ್ಳದೆ ನಿಲ್ಲಲಾಗುತ್ತಿರಲಿಲ್ಲ. ಗಂಡನಿಗೆ ಏನೋ ಹೇಳಿದರು. ಅವರು ಕೈ ತೊಳೆದು ಬಂದು ಬಿರಡೆ ತೆಗೆದರು. ಇಬ್ಬರೂ ತಲೆಗೆ ತಲೆ ತಾಗಿಸಿ, ಹೆಂಡತಿ ಹೇಳಿದ್ದನ್ನು ಗಂಡ ಬರೆದರು. ಪುಟ ತುಂಬಲಿಲ್ಲ. ಬರೆದಿದ್ದು ಕೆಲವೇ ಸಾಲು.

ಓದಲು ಬಾರದ ಆ ಸಾಲುಗಳನ್ನು ಹಿಡಿದು ಒಬ್ಬನೇ ಇಳಿದೆ. ಭಟ್ಟರ ಮನೆ ಸೇರಿ, ಕುಂಞಿರಾಮನನ್ನು ಕರೆಸಿ ಎಂದೆ. ಅವನು ಬಂದು, ಮೊದಲು ತನ್ನೊಳಗೇ ಓದಿಕೊಂಡು, ಆಮೇಲೆ ಕನ್ನಡದಲ್ಲಿ ಹೇಳಿದ:

"'ಈ ಗುಡ್ಡಕ್ಕೆ ಬಂದ ಮೇಲೆ ನಾವು ಯಾರ ಮನೆಗೂ ಹೋಗಿಲ್ಲ. ನಿಮ್ಮ ಮಾತು ನಮಗೆ ಬರುವುದಿಲ್ಲ. ಅನ್ನಮ್ಮನಿಗೆ ದಿನ ತುಂಬಿದೆ. ನಿಮ್ಮಲ್ಲಿ ಹೆರಿಗೆ ಮಾಡಿಸುವವರು ಯಾರು? ಅವರನ್ನು ಏನೆಂದು ಕರೆಯಬೇಕು?'"

ಮುದುಕಿ ಹೊರಗೆ ಬಂದರು. "ಮೊನ್ನೆ ಈ ಪುಟ ಖಾಲಿ ಬಂತು ಅಂತ ಕೇಳಿದೆನಲ್ಲ?"

"ನನ್ನಿಂದ," ಎಂದೆ.

"ನಿಮ್ಮನ್ನು ಬೈಯ್ಲಿಕ್ಕೆ ಈಗ ಪುರುಸೊತ್ತಿಲ್ಲ," ಎಂದು ಅವರು ಸೊಸೆಯ ಕಡೆ ತಿರುಗಿದರು. "ಸೇಸಕ್ಕನಿಗೆ ಹೇಳಿ ಕಳಿಸು. ಶುಂಠಿ, ಬೆಲ್ಲ, ಹಳೆ ಸೀರೆ ಕಟ್ಟು. ನನ್ನದೇ ತೆಗಿ, ಮೆತ್ತಗೆ ಉಂಟು."

ಸೂಲಗಿತ್ತಿ ಸೇಸಕ್ಕ ಬಂದಳು. ತುಳು ಬಿಟ್ಟರೆ ಹರುಕು ಕನ್ನಡ. ಕುಂಞಿರಾಮ, "ನಾನು ಹೊರಗೆ ನಿಂತು ಮಲಯಾಳ ಮಾಡಿ ಕೂಗ್ತೇನೆ" ಎಂದು ಹೊರಟ. "ನೀನು ಕೂಗುವುದಕ್ಕೆ ಮಗು ಹೆದರಿ ಒಳಗೇ ಕೂತುಕೊಳ್ತದೆ" ಎಂದಳು ಅವಳು. ಬಿಸಿಲಿಗೆ ಕಣ್ಣು ಕಿರಿದು ಮಾಡಿದವಳಿಗೆ ನನ್ನ ಕೊಡೆ ಚಾಚಿದೆ.

"ವಾಪಸು ಕೊಡ್ಲಿಕ್ಕೆ ನೀವು ಇರ್ತೀರಾ?"

"ಇಲ್ಲ."

"ಹಾಗಾದ್ರೆ?"

"ಇಟ್ಟುಕೊಳ್ಳಿ."

ಸೇಸಕ್ಕ, ಕುಂಞಿರಾಮ ಗುಡ್ಡದ ಕಡೆ ಹೋದರು. ಸೊಸೆ ಗಂಟು ಹಿಡಿದು ಬೇಲಿಯವರೆಗೆ, ಮುದುಕಿ ಅಂಗಳದ ತುದಿಯವರೆಗೆ. ಆಮೇಲೆ ಅವರೂ ಒಳಗೆ ಹೋದರು. ಅಂಗಳದಲ್ಲಿ ಬರಿಗಾಲಿನಲ್ಲಿ ನಾನು, ಕೈಯಲ್ಲಿ ಪತ್ರಿಕೆ. ನನ್ನ ಕೆಲಸ ಅಲ್ಲಿ ಮುಗಿದಿತ್ತು.

ಹೊರಡುವ ದಿನ

ಹಗ್ಗ ಕಲ್ಲಿಕೋಟೆಯವರ ಪಾಲಾಗಿತ್ತು. ಐತಪ್ಪ ನನಗೆ ಸಮಾಧಾನ ಹೇಳಲಿಲ್ಲ; ಸಡಿಲವಾಗಿದ್ದ ವರ್ಕಿಯ ಪುಟಕ್ಕೆ ನನ್ನೆದುರೇ ಜೋಡಿ ಹೊಲಿಗೆ ಹಾಕಿದರು. ಗುಡ್ಡದಿಂದ ಇನ್ನೂ ಸುದ್ದಿ ಬಂದಿರಲಿಲ್ಲ. ನನ್ನ ರೈಲಿಗೆ ಹೊತ್ತಾಗಿತ್ತು. ಹೋಗುವ ಮೊದಲು ಪತ್ರಿಕೆ ಕೇಳಿ ಪಡೆದು, ಹಗ್ಗದ ಪುಟ ತೆರೆದು, ಆ ದುಂಡು ಅಕ್ಷರದ ಪ್ರಶ್ನೆಯ ಕೆಳಗೆ "ನಾನೊಬ್ಬನೇ" ಎಂದು ಬರೆದೆ. ಅದಕ್ಕೆ ಯಾರು ಏನು ಬರೆದರೋ ನನಗೆ ತಿಳಿಯದು. 'ನೆರೆಕರೆ' ಹೋಗುವ ದಾರಿಯಲ್ಲಿ ನನ್ನ ಮನೆಯಿಲ್ಲ.

ಇನ್ನು ನಿಮಗೆ ನನ್ನ ಸಲಹೆ. ಆ ಕಡೆ ಹೋಗುವುದಾದರೆ ಬಿಳಿ ಬಟ್ಟೆ ಬೇಡ, ಬಸ್ಸಿನಲ್ಲಿ ಅಗ್ಗದ ಜಾಗವೂ ಬೇಡ. ಮೆಟ್ಟು ಗಟ್ಟಿಯದಿರಲಿ. ಕುಸುಬಲಕ್ಕಿಯ ಅನ್ನ ಎರಡು ದಿನ ಗಂಟಲಲ್ಲಿ ನಿಲ್ಲುತ್ತದೆ, ಮೂರನೆಯ ದಿನ ಹಿಡಿಸುತ್ತದೆ. ಕನ್ನಡ ಬರುತ್ತದೆಂದು ಧೈರ್ಯವಾಗಿರಬೇಡಿ; ಗೊತ್ತಿಲ್ಲದ ಮಾತಿಗಿಂತ ಗೊತ್ತಿದೆಯೆಂದುಕೊಂಡ ಮಾತಿನಲ್ಲಿ ನಷ್ಟ ಹೆಚ್ಚು. ನಿಮ್ಮ ಬೀದಿಯಲ್ಲಿಯೂ ಇಂಥದೊಂದು ಪತ್ರಿಕೆ ಹೊಲಿಯಿರಿ, ಬಂಡವಾಳವೇನೂ ಬೇಡ. ಪುಟ ಖಾಲಿ ಬಂದರೆ ಕತ್ತರಿ ತೆಗೆಯುವ ಮೊದಲು, ಕೊಟ್ಟು ಬಂದವನು ಏನು ಹೇಳಿ ಬಂದ ಎಂದು ವಿಚಾರಿಸಿ.

ಇನ್ನೊಂದು ಉಪಕಾರ. ನಿಮ್ಮಲ್ಲಿ ಯಾರಾದರೂ ಬಂದ್ಯೋಡಿನ ಮೇಲೆ ಹಾದುಹೋದರೆ, ಟೈಲರ್ ಐತಪ್ಪನವರ ಅಂಗಡಿಯಲ್ಲಿ ಇಳಿದು, ಅನ್ನಮ್ಮ ಚೆನ್ನಾಗಿದ್ದಾರೆಯೇ, ಮಗು ಗಂಡೋ ಹೆಣ್ಣೋ ಎಂದು ಕೇಳಿ ನನಗೆ ಒಂದು ಸಾಲು ಬರೆಯಿರಿ. ಅವಸರ ಉಂಟು.